ಹೊಸೂರಿನ ಗಡಿಯಾರ, ಕೃಷ್ಣಗಿರಿಯ ಗಡಿಯಾರ

ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು 880 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಪ್ರಸ್ಥಭೂಮಿಯೇ ಇಲ್ಲಿಯವರೆಗೂ ಚಾಚಿಕೊಂಡಿದೆ. ಇಲ್ಲಿಂದ ಶೂಳಗಿರಿ ದಾಟಿ ಕೃಷ್ಣಗಿರಿಗೆ ಹೊರಟ ಬಸ್ಸು ಐವತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ 350 ಮೀಟರ್ ಕೆಳಗಿಳಿದಿರುತ್ತದೆ. ಇಳಿದವರಿಗೆ ಮೊದಲು ಗೊತ್ತಾಗುವುದು ಅಲ್ಲಿಯ ಧಗೆ. ಯಾರ ಗಮನಕ್ಕೂ ಬಾರದ ಇನ್ನೊಂದು ವ್ಯತ್ಯಾಸವೂ ಇದೆ. ಕೃಷ್ಣಗಿರಿಯಲ್ಲಿ ಕಾಲವೇ ಹೊಸೂರಿಗಿಂತ ನಿಧಾನ. ವರ್ಷಕ್ಕೆ ಒಂದು ಮೈಕ್ರೋಸೆಕೆಂಡಿಗಿಂತ ತುಸು ಹೆಚ್ಚು, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ.

ಇದು ಗಡಿಯಾರದ ದೋಷವಲ್ಲ. ಎರಡೂ ಊರಿನಲ್ಲಿ ಒಂದೇ ಬಗೆಯ, ಒಂದಿಷ್ಟೂ ತಪ್ಪದ ಗಡಿಯಾರ ಇಟ್ಟರೂ ಕೆಳಗಿನದು ಹಿಂದೆ ಬೀಳುತ್ತದೆ. ಗಡಿಯಾರ ಮಾತ್ರವಲ್ಲ, ಎದೆಬಡಿತ, ಮಾವಿನಕಾಯಿ ಹಣ್ಣಾಗುವುದು, ಪರಮಾಣುವಿನ ಕಂಪನ, ಎಲ್ಲವೂ ಅಷ್ಟೇ ಪ್ರಮಾಣದಲ್ಲಿ ನಿಧಾನ. ಭೂಮಿಯ ಗುರುತ್ವದ ಆಳಕ್ಕೆ ಇಳಿದಷ್ಟೂ, ಎಂದರೆ ಭೂಮಿಯ ಕೇಂದ್ರಕ್ಕೆ ಹತ್ತಿರವಾದಷ್ಟೂ, ಕಾಲ ಮೆಲ್ಲಗೆ ಸಾಗುತ್ತದೆ ಎಂದು ಆಲ್ಬರ್ಟ್ ಐನ್‌ಸ್ಟೈನ್ ಹೇಳಿ ಒಂದು ಶತಮಾನಕ್ಕೂ ಹೆಚ್ಚಾಯಿತು.

ಹೊಸೂರು ಗಡಿಯಾರದ ಊರು. ಟಾಟಾ ಸಮೂಹ ಮತ್ತು ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟಾನ್ ಕಂಪನಿಯ ಕಾರ್ಖಾನೆ ಇಲ್ಲಿಯದು. ಇಂಥ ಕೈಗಡಿಯಾರಗಳ ಒಳಗಿರುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿಯೇ ಮುಳ್ಳು ಮುಂದಕ್ಕೆ ಹೋಗುವುದು. ಒಳ್ಳೆಯ ಕ್ವಾರ್ಟ್ಜ್ ಗಡಿಯಾರವೂ ತಿಂಗಳಿಗೆ ಕೆಲವು ಸೆಕೆಂಡು ಆಚೀಚೆ ಆಗುವುದರಿಂದ, ಘಟ್ಟದ ಮೇಲಿನ ಕಾಲ ಮತ್ತು ಕೆಳಗಿನ ಕಾಲದ ನಡುವಿನ ಅಂತರ ಅದಕ್ಕೆ ಸಿಕ್ಕುವುದೇ ಇಲ್ಲ. ಸಿಗಬೇಕಾದರೆ ಪರಮಾಣು ಗಡಿಯಾರ ಬೇಕು. ಜಪಾನಿನ ಹಿದೆತೋಶಿ ಕಟೋರಿ ಅವರ ತಂಡ ಟೋಕಿಯೊದ ಸ್ಕೈಟ್ರೀ ಗೋಪುರದ ಬುಡದಲ್ಲಿ ಒಂದು, 450 ಮೀಟರ್ ಮೇಲೆ ಇನ್ನೊಂದು ಪರಮಾಣು ಗಡಿಯಾರ ಇಟ್ಟು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಮೇಲಿನ ಗಡಿಯಾರ ದಿನಕ್ಕೆ ನಾಲ್ಕು ನ್ಯಾನೋಸೆಕೆಂಡಿನಷ್ಟು ಮುಂದೆ ಹೋಗುತ್ತಿತ್ತು. ಹೊಸೂರು ಮತ್ತು ಕೃಷ್ಣಗಿರಿಯ ನಡುವಿನ ಇಳಿಜಾರು ಆ ಎರಡು ಗಡಿಯಾರಗಳ ನಡುವಿನ ಎತ್ತರಕ್ಕಿಂತ ಸ್ವಲ್ಪವೇ ಕಡಿಮೆ.

ಸಾಪೇಕ್ಷತಾ ಸಿದ್ಧಾಂತ ಎಂದ ಕೂಡಲೇ ಕೆದರಿದ ಕೂದಲಿನ ಮುದುಕನೊಬ್ಬನ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ 1905ರಲ್ಲಿ ಐನ್‌ಸ್ಟೈನ್ 26 ವರ್ಷದ ಯುವಕ, ಸ್ವಿಟ್ಜರ್‌ಲೆಂಡಿನ ಬರ್ನ್ ಊರಿನ ಪೇಟೆಂಟ್ ಕಚೇರಿಯ ನೌಕರ. ಅವನು ಹಿಡಿದದ್ದು ಎರಡೇ ಮಾತು. ಸಮವೇಗದಲ್ಲಿ ಸಾಗುವ ಎಲ್ಲರಿಗೂ ಭೌತಶಾಸ್ತ್ರದ ನಿಯಮಗಳು ಒಂದೇ. ಬೆಳಕಿನ ವೇಗ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್, ಅಳೆಯುವವರು ಎಷ್ಟೇ ವೇಗದಲ್ಲಿ ಓಡುತ್ತಿದ್ದರೂ ಬದಲಾಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡವರು ಮೂರನೆಯದನ್ನೂ ಒಪ್ಪಿಕೊಳ್ಳಲೇಬೇಕು: ಓಡುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನ. ಇದು ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತ. ಇದರಲ್ಲಿ ಗುರುತ್ವಕ್ಕೆ ಜಾಗವಿರಲಿಲ್ಲ. 1907ರಲ್ಲಿ ಅದೇ ಕಚೇರಿಯಲ್ಲಿ ಕುಳಿತಿದ್ದಾಗ, ಮೇಲಿನಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲ ಎಂಬ ವಿಚಾರ ಅವನಿಗೆ ಹೊಳೆಯಿತು. ಅದನ್ನು ಗಣಿತಕ್ಕೆ ಇಳಿಸಲು ಎಂಟು ವರ್ಷ ಹಿಡಿಯಿತು. ಬೇಕಾದ ಜ್ಯಾಮಿತಿ ಗೊತ್ತಿರಲಿಲ್ಲವೆಂದು ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ನೆರವು ಪಡೆದ. ನಡುವೆ ದಾರಿ ತಪ್ಪಿ, ಮತ್ತೆ ಹಿಂದಿರುಗಿ, 1915ರ ನವೆಂಬರ್ 25ರಂದು ಬರ್ಲಿನ್‌ನಲ್ಲಿ ಸಾರ್ವತ್ರಿಕ ಸಾಪೇಕ್ಷತೆಯ ಸಮೀಕರಣಗಳನ್ನು ಮುಂದಿಟ್ಟ. ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ಆರ್ಕ್ ಸೆಕೆಂಡಿನಷ್ಟು ಲೆಕ್ಕ ಮೀರಿ ಹೊರಳುತ್ತಿದ್ದುದು ಖಗೋಳಜ್ಞರಿಗೆ ಬಹುಕಾಲದಿಂದ ಬಗೆಹರಿಯದ ತಂಟೆಯಾಗಿತ್ತು. ಹೊಸ ಸಮೀಕರಣಗಳಿಂದ ಆ 43 ತಾನಾಗಿ ಬಂದಿತು.

1919ರ ಮೇ 29ರ ಸೂರ್ಯಗ್ರಹಣದ ಕಥೆ ಎಲ್ಲರೂ ಬಲ್ಲದ್ದು. ಬ್ರೆಜಿಲ್‌ನ ಸೊಬ್ರಾಲ್ ಮತ್ತು ಆಫ್ರಿಕಾ ತೀರದ ಪ್ರಿನ್ಸಿಪೆ ದ್ವೀಪದಲ್ಲಿ ತೆಗೆದ ಚಿತ್ರಗಳು ಸೂರ್ಯನ ಪಕ್ಕ ಹಾಯುವ ನಕ್ಷತ್ರದ ಬೆಳಕು ಐನ್‌ಸ್ಟೈನ್ ಹೇಳಿದಂತೆಯೇ ಬಾಗುತ್ತದೆ ಎಂದು ತೋರಿಸಿದವು. ಅದೇ ಹೊತ್ತಿಗೆ ಕಲ್ಕತ್ತದಲ್ಲಿ ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ ಐನ್‌ಸ್ಟೈನ್‌ನ ಜರ್ಮನ್ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದರು, 1920ರಲ್ಲಿ ಪುಸ್ತಕವೂ ಬಂತು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನಡೆದ ಕೆಲಸಕ್ಕೆ ಇಷ್ಟು ಹೆಸರು ಬರಲಿಲ್ಲ. ಅಲ್ಲಿಯ ನಿರ್ದೇಶಕ ಜಾನ್ ಎವರ್‌ಶೆಡ್ ಸೂರ್ಯನ ಬೆಳಕಿನ ಗೆರೆಗಳನ್ನು ಅಳೆದು, ಸೂರ್ಯನ ಗುರುತ್ವ ಅಲ್ಲಿಯ ಕಾಲವನ್ನು ನಿಧಾನಗೊಳಿಸಿ ಆ ಗೆರೆಗಳನ್ನು ಕೆಂಪಿನತ್ತ ಸರಿಸಿದೆಯೇ ಎಂದು ವರ್ಷಗಟ್ಟಲೆ ಹುಡುಕಿದ. ಸೂರ್ಯನ ಮೇಲೆ ಅನಿಲಗಳು ಏಳುತ್ತ ಇಳಿಯುತ್ತ ಇರುವುದರಿಂದ ಆ ಗೆರೆಗಳೂ ಸರಿಯುತ್ತವೆ. ಯಾವ ಪಲ್ಲಟ ಯಾವುದರಿಂದ ಎಂದು ಬಿಡಿಸುವುದು ಅತಿ ಕಷ್ಟದ ಕೆಲಸ. 1922ರ ಗ್ರಹಣಕ್ಕೆಂದು ಎವರ್‌ಶೆಡ್ ಆಸ್ಟ್ರೇಲಿಯಾದ ವಲ್ಲಾಲ್‌ವರೆಗೂ ಹೋಗಿ, ಉಪಕರಣ ಕೈಕೊಟ್ಟು ಬರಿಗೈಯಲ್ಲಿ ಮರಳಬೇಕಾಯಿತು. ಗೆದ್ದವರ ಹೆಸರಿನ ಪಕ್ಕದಲ್ಲಿ ಈ ಹೆಸರನ್ನೂ ಬರೆಯುವುದು ನ್ಯಾಯ. ಸಿದ್ಧಾಂತವೊಂದು ನೆಲೆ ನಿಲ್ಲುವುದರಲ್ಲಿ ಇಂಥ ದಣಿವಿನ ಪಾಲೂ ಇದೆ.

ಓಡುವ ಗಡಿಯಾರ ನಿಧಾನವಾಗುತ್ತದೆ ಎಂಬುದಕ್ಕೆ ಈ ಸೀಮೆಯ ಹತ್ತಿರದಲ್ಲೇ ಒಳ್ಳೆಯ ಸಾಕ್ಷಿಯಿದೆ. ಹೊಸೂರಿನಿಂದ ಮಾಲೂರು, ಬಂಗಾರಪೇಟೆ ದಾಟಿದರೆ ಕೋಲಾರದ ಚಿನ್ನದ ಗಣಿ. ಅಲ್ಲಿ ಚಿನ್ನ ತೆಗೆಯುವವರ ಜೊತೆಗೆ ಕಣ ಹಿಡಿಯುವವರೂ ನಲವತ್ತು ವರ್ಷ ಗಣಿಗೆ ಇಳಿದಿದ್ದಾರೆ.

ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ, ಹದಿನೈದು ಕಿಲೋಮೀಟರ್ ಎತ್ತರದ ಸುಮಾರಿನಲ್ಲಿ, ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಮ್ಯೂಯಾನಿನ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಆದರೂ ಸುಮಾರು 660 ಮೀಟರ್ ಮಾತ್ರ ಹೋಗಬಲ್ಲದು. ಈ ಲೆಕ್ಕದಲ್ಲಿ ನೂರಾರು ಕೋಟಿ ಮ್ಯೂಯಾನ್‌ಗಳಲ್ಲಿ ಒಂದಾದರೂ ನೆಲ ಮುಟ್ಟಿದರೆ ಹೆಚ್ಚು. ನಿಜ ಸಂಗತಿ ಬೇರೆ. ಚಾಚಿದ ಅಂಗೈ ಮೇಲೆ ನಿಮಿಷಕ್ಕೆ ನೂರರಷ್ಟು ಮ್ಯೂಯಾನ್‌ಗಳು ಬಂದು, ಕೈ ತೂರಿಕೊಂಡು ಹೋಗುತ್ತಲೇ ಇರುತ್ತವೆ. ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವ ಮ್ಯೂಯಾನಿನ ಕಾಲ ನೆಲದ ಮೇಲಿನವರ ಲೆಕ್ಕಕ್ಕೆ ಅಷ್ಟು ನಿಧಾನ. ಅದರ 2.2 ಮೈಕ್ರೋಸೆಕೆಂಡ್ ನಮ್ಮ ಪಾಲಿಗೆ ಹತ್ತಾರು ಪಟ್ಟು ಹಿಗ್ಗುತ್ತದೆ. 1941ರಲ್ಲಿ ಅಮೆರಿಕದಲ್ಲಿ ಬ್ರೂನೊ ರೊಸ್ಸಿ ಮತ್ತು ಡೇವಿಡ್ ಹಾಲ್ ಬೇರೆ ಬೇರೆ ಎತ್ತರಗಳಲ್ಲಿ ಮ್ಯೂಯಾನ್ ಎಣಿಸಿ ಇದನ್ನು ತೋರಿಸಿದರು.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಅಗಲ ಬಾಯಿಯ ಗಾಜಿನ ಪಾತ್ರೆಯ ತಳದ ಒಳಗಡೆ ಬಟ್ಟೆ ಅಂಟಿಸಿ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಬಾಯಿಗೆ ಕಪ್ಪು ತಗಡಿನ ಮುಚ್ಚಳ ಬಿಗಿದು, ಬೋರಲು ಹಾಕಿ ಡ್ರೈ ಐಸ್ ಮೇಲೆ ಇಡಬೇಕು. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ತಗಡಿನ ಮೇಲೆ ತೆಳು ಮಂಜು ಕೂರುತ್ತದೆ. ಆಮೇಲೆ ಅದರಲ್ಲಿ ಬಿಳಿ ಎಳೆಗಳು ಫಕ್ಕನೆ ಮೂಡಿ ಕರಗತೊಡಗುತ್ತವೆ. ಗಿಡ್ಡ, ದಪ್ಪ ಎಳೆಗಳು ಸುತ್ತಲಿನ ವಿಕಿರಣದವು. ಉದ್ದಕ್ಕೆ, ನೇರವಾಗಿ, ಸಣ್ಣಗೆ ಹಾಯುವ ಎಳೆಗಳಲ್ಲಿ ಹೆಚ್ಚಿನವು ಮ್ಯೂಯಾನಿನವು. ಸಾಪೇಕ್ಷತೆ ಸುಳ್ಳಾಗಿದ್ದರೆ ಆ ಗೆರೆಗಳು ಅಲ್ಲಿ ಇರುತ್ತಿರಲಿಲ್ಲ. ಮೇಷ್ಟ್ರೊಬ್ಬರು ಮನಸ್ಸು ಮಾಡಿದರೆ ಕೈಗವಸು, ಗಾಳಿಯಾಡುವ ಕೋಣೆ ಇಷ್ಟು ಎಚ್ಚರಿಕೆಯಿಂದ ತಳಿಯ ಶಾಲೆಯಲ್ಲೂ ಡೆಂಕಣಿಕೋಟೆಯ ಶಾಲೆಯಲ್ಲೂ ತೋರಿಸಬಹುದಾದ ಪ್ರಯೋಗ ಇದು.

ಕೋಲಾರಕ್ಕೆ ಬರೋಣ. ನಂಜನಗೂಡಿನ ಬಳಿ 1925ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಬಿ. ವಿ. ಶ್ರೀಕಂಠನ್ ಅವರಿಗೆ ಹೋಮಿ ಭಾಭಾ ಒಪ್ಪಿಸಿದ ಕೆಲಸ, ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನ್ ಎಣಿಸುವುದು. 1950ರ ದಶಕದ ಆರಂಭದಲ್ಲಿ ಅವರು ಗೈಗರ್ ಕೌಂಟರ್‌ಗಳನ್ನು ಹೊತ್ತು ಚಾಂಪಿಯನ್ ರೀಫ್ ಗಣಿಗೆ ಇಳಿದರು. ಬೆವರು ಸುರಿಸುವ ಬಿಸಿ, ಕಲ್ಲಿನ ಧೂಳು, ನಡುನಡುವೆ ಬಂಡೆ ಸಿಡಿಯುವ ಅಪಾಯ. ಆಳಕ್ಕೆ ಹೋದಷ್ಟೂ ಮ್ಯೂಯಾನ್ ವಿರಳವಾದವು, ಮುಟ್ಟಿದವು ಮಾತ್ರ ಮಹಾ ಶಕ್ತಿಯವು. ಕಿಲೋಮೀಟರ್‌ಗಟ್ಟಲೆ ಬಂಡೆ ಕೊರೆದು ಬಂದ ಮ್ಯೂಯಾನಿಗೆ ಕಾಲ ಹಿಗ್ಗಿರುವುದು ಹತ್ತಾರು ಪಟ್ಟಲ್ಲ, ಸಾವಿರಾರು ಪಟ್ಟು. ನಂತರದ ವರ್ಷಗಳಲ್ಲಿ ಅತಿ ಆಳದ ನೆಲೆಯಲ್ಲಿ ವಾರಗಟ್ಟಲೆ ಕಾದರೂ ಒಂದೂ ಮ್ಯೂಯಾನ್ ಬರಲಿಲ್ಲ. ಅಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿತೆಂದರೆ ಬೇರೆ ಯಾವ ಕಣವೂ ಮುಟ್ಟಲಾರದ ಆ ಆಳದಲ್ಲಿ ನ್ಯೂಟ್ರಿನೊ ಎಂಬ ಕಣಗಳನ್ನು ಹಿಡಿಯಬಹುದು ಎಂದಾಯಿತು. ಭಾರತ, ಜಪಾನ್, ಬ್ರಿಟನ್ ತಂಡಗಳು ಸೇರಿ 1965ರಲ್ಲಿ ಅದನ್ನೇ ಮಾಡಿದವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲೇ ಮೊದಲು ಸಿಕ್ಕಿದ ಜಾಗಗಳು ಎರಡು. ಒಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಇನ್ನೊಂದು ಕೋಲಾರದ್ದು. 2001ರಲ್ಲಿ ಗಣಿ ಮುಚ್ಚಿತು.

ಗುರುತ್ವದಿಂದ ಕಾಲ ನಿಧಾನವಾಗುತ್ತದೆ ಎಂಬ ಇನ್ನೊಂದು ಮಾತನ್ನು ಭೂಮಿಯ ಮೇಲೆ ಮೊದಲು ಅಳೆದವರು ಹಾರ್ವರ್ಡ್‌ನ ರಾಬರ್ಟ್ ಪೌಂಡ್ ಮತ್ತು ಗ್ಲೆನ್ ರೆಬ್ಕಾ. 1960ರ ಸುಮಾರಿಗೆ ಕಾಲೇಜು ಕಟ್ಟಡದ 22.5 ಮೀಟರ್ ಗೋಪುರವೊಂದೇ ಅವರಿಗೆ ಸಾಕಾಯಿತು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಸೀಸಿಯಂ ಗಡಿಯಾರಗಳಿಗೆ ವಿಮಾನದ ಟಿಕೆಟ್ ಕೊಂಡು ಭೂಮಿ ಸುತ್ತಿಸಿದರು. ಪೂರ್ವಕ್ಕೆ ಸುತ್ತಿದವು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಸುತ್ತಿದವು 273 ನ್ಯಾನೋಸೆಕೆಂಡ್ ಮುಂದೆ ಹೋದವು. ಆಮೇಲೆ ಈ ವಿಷಯ ಎಂಜಿನಿಯರುಗಳ ಕೈಗೆ ಬಂತು.

ಹೂವಿನ ಲೋಡು ಹೊತ್ತು ಹೊಸೂರಿನಿಂದ ಹೊರಡುವ ಲಾರಿಯ ಡ್ರೈವರ್ ಫೋನಿನಲ್ಲಿ ದಾರಿ ನೋಡುತ್ತಾನಲ್ಲ, ಆ ಚುಕ್ಕೆ ನಿಂತಿರುವುದೇ ಗಡಿಯಾರಗಳ ಮೇಲೆ. ಜಿಪಿಎಸ್ ಉಪಗ್ರಹ ತನ್ನ ಪರಮಾಣು ಗಡಿಯಾರ ನೋಡಿ ಹೊತ್ತು ಹೇಳುತ್ತದೆ. ಸಂಕೇತ ಬಂದು ಮುಟ್ಟಲು ಹಿಡಿದ ಸಮಯದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಉಪಗ್ರಹ ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವುದರಿಂದ ಅದರ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ, ವೇಗವಾಗಿ ಓಡುತ್ತಿರುವುದರಿಂದ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಕೂಡಿ ಕಳೆದರೆ 38 ಮೈಕ್ರೋಸೆಕೆಂಡ್ ಮುಂದೆ. ಇಷ್ಟನ್ನು ಸರಿಪಡಿಸದೆ ಬಿಟ್ಟರೆ ಉಪಗ್ರಹದಿಂದ ಇರುವ ದೂರದ ಲೆಕ್ಕದಲ್ಲಿ ಒಂದೇ ದಿನಕ್ಕೆ 11 ಕಿಲೋಮೀಟರ್ ತಪ್ಪು ಸೇರುತ್ತದೆ. ಅದು ಹೊಸೂರಿನಿಂದ ಅತ್ತಿಬೆಲೆಗಿಂತಲೂ ದೂರ. ವಿಶೇಷವೆಂದರೆ 1977ರಲ್ಲಿ ಮೊದಲ ಸೀಸಿಯಂ ಗಡಿಯಾರ ಹೊತ್ತ ಪ್ರಾಯೋಗಿಕ ಉಪಗ್ರಹ ಹಾರಿದಾಗ, ಈ ತಿದ್ದುಪಡಿ ನಿಜಕ್ಕೂ ಬೇಕೇ ಎಂಬ ಅನುಮಾನ ಕೆಲವರಲ್ಲಿ ಇತ್ತು. ಅದಕ್ಕೆ ತಿದ್ದುವ ಸಾಧನವನ್ನು ಅದರೊಳಗೆ ಇಟ್ಟೂ ಚಾಲೂ ಮಾಡದೆ ಇಪ್ಪತ್ತು ದಿನ ನೋಡಿದರು. ಗಡಿಯಾರ ಐನ್‌ಸ್ಟೈನ್ ಲೆಕ್ಕದಷ್ಟೇ ಮುಂದೆ ಹೋಯಿತು. ಸಾಧನವನ್ನು ಚಾಲೂ ಮಾಡಿದರು.

ಜಿಪಿಎಸ್‌ನಂಥದೇ ಭಾರತದ ಸ್ವಂತ ನಾವಿಕ್ ವ್ಯವಸ್ಥೆಯ ಹೊತ್ತು ಕಾಯುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಅವುಗಳ ಗಡಿಯಾರ ದಿನಕ್ಕೆ ಜಿಪಿಎಸ್‌ಗಿಂತ ಹೆಚ್ಚು, 46 ಮೈಕ್ರೋಸೆಕೆಂಡ್ ಚಿಲ್ಲರೆ, ಮುಂದೆ ಓಡುತ್ತದೆ. ಮೊದಲ ಸಾಲಿನ ಉಪಗ್ರಹಗಳಲ್ಲಿ ವಿದೇಶದಿಂದ ತರಿಸಿದ ರುಬಿಡಿಯಂ ಗಡಿಯಾರಗಳಿದ್ದವು, ಅವುಗಳಲ್ಲಿ ಹಲವು ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಭಾರತದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು.

ಇಷ್ಟೆಲ್ಲ ಆದರೂ ಸಾರ್ವತ್ರಿಕ ಸಾಪೇಕ್ಷತೆಗೆ ನಡುವೆ ಬಹುದೊಡ್ಡ ಬರಗಾಲ ಬಂದಿತ್ತು ಎಂಬುದನ್ನು ಮರೆಯಬಾರದು. 1920ರ ದಶಕದ ನಡುವಿನಿಂದ 1950ರ ದಶಕದ ಕೊನೆಯವರೆಗೆ ಬುದ್ಧಿವಂತ ವಿದ್ಯಾರ್ಥಿಗಳೆಲ್ಲ ಕ್ವಾಂಟಂ ವಿಜ್ಞಾನದ ಕಡೆ ಹೋದರು. ಗುರುತ್ವ ಅಳೆಯಲಾಗದ ಸೂಕ್ಷ್ಮಗಳ ಸುಂದರ ಗಣಿತ, ಅಷ್ಟೇ ಎನ್ನಿಸಿಕೊಂಡಿತು. ಆ ಒಣ ಕಾಲದಲ್ಲೂ ಭಾರತದಲ್ಲಿ ಈ ಬೆಳೆ ನಿಲ್ಲಲಿಲ್ಲ. ಕಾಶಿಯಲ್ಲಿ ವಿ. ವಿ. ನಾರ್ಳೀಕರ್, ಅವರ ಬಳಿ ಕೆಲಸ ಮಾಡಿ ಬೆಳಕು ಚೆಲ್ಲುವ ನಕ್ಷತ್ರದ ಗುರುತ್ವವನ್ನು 1943ರಲ್ಲಿ ಲೆಕ್ಕ ಹಾಕಿದ ಪಿ. ಸಿ. ವೈದ್ಯ, ಕಲ್ಕತ್ತದಲ್ಲಿ 1955ರ ಸಮೀಕರಣದಿಂದ ಹೆಸರಾದ ಅಮಲ್ ಕುಮಾರ್ ರಾಯ್‌ಚೌಧುರಿ. ಸಾಕಷ್ಟು ಜರ್ನಲುಗಳಿಲ್ಲದೆ, ಪ್ರೋತ್ಸಾಹವಿಲ್ಲದೆ ದುಡಿದವರು.

ಬರಗಾಲದಲ್ಲೂ ಉಳಿದ ಬೀಜಗಳಲ್ಲಿ ಒಂದು, 1915ರ ಕೊನೆಯಲ್ಲೇ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಮೊದಲ ಮಹಾಯುದ್ಧದ ಸೇನೆಯಲ್ಲಿದ್ದುಕೊಂಡು ಐನ್‌ಸ್ಟೈನ್ ಸಮೀಕರಣಗಳಿಗೆ ಕಂಡುಹಿಡಿದ ಉತ್ತರ. ಒಂದು ದ್ರವ್ಯರಾಶಿ ಅತಿ ಚಿಕ್ಕ ಗೋಳಕ್ಕೆ ಅಡಕವಾದರೆ ಅದರ ಸುತ್ತ ಒಂದು ವಿಚಿತ್ರ ಮೇಲ್ಮೈ ಕಾಣಿಸುತ್ತದೆ. ಸೂರ್ಯನ ಮಟ್ಟಿಗೆ ಅದರ ತ್ರಿಜ್ಯ ಮೂರು ಕಿಲೋಮೀಟರ್. ಪ್ರಕೃತಿಯಲ್ಲಿ ಇಂಥದ್ದು ಇರಲಾರದು ಎಂದೇ ಬಹುಪಾಲು ಜನರ ನಂಬಿಕೆ, ಐನ್‌ಸ್ಟೈನ್ ಅವರದೂ ಅದೇ. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ 19ರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್, ವಿಶಿಷ್ಟ ಸಾಪೇಕ್ಷತೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಒಂದು ಮಿತಿಗಿಂತ ಭಾರವಾದ ನಕ್ಷತ್ರ ಶ್ವೇತಕುಬ್ಜವಾಗಿ ನೆಮ್ಮದಿಯಿಂದ ಕೊನೆಗಾಣಲಾರದು ಎಂದು ಕಂಡುಕೊಂಡರು. ಅದನ್ನು ಇಂಗ್ಲೆಂಡಿನ ಹೆಸರಾಂತ ಖಗೋಳಜ್ಞ ಎಡಿಂಗ್ಟನ್ ಒಪ್ಪಲಿಲ್ಲ.

ಶ್ವಾರ್ಟ್ಸ್‌ಚೈಲ್ಡ್ ಲೆಕ್ಕದ ಆ ವಿಚಿತ್ರ ವಸ್ತು, ಈಗ ನಾವು ಕಪ್ಪುಕುಳಿ ಎನ್ನುವುದು, ನಿಜವಾಗಿ ಇರಬಹುದೇ ಎಂಬ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವರಲ್ಲಿ ಒಬ್ಬರು ಕನ್ನಡದ ಮನೆಯಿಂದ ಹೋದವರು. ಸಿ. ವಿ. ವಿಶ್ವೇಶ್ವರ ಹುಟ್ಟಿದ್ದು ಬೆಂಗಳೂರಿನಲ್ಲಿ, 1938ರ ಮಾರ್ಚ್ 6ರಂದು. ತಂದೆ ಸಾಹಿತಿ ಸಿ. ಕೆ. ವೆಂಕಟರಾಮಯ್ಯ, ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು. ಮಗ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಅಮೆರಿಕಕ್ಕೆ ಹೋದರು. ಮೊದಲು ಕೊಲಂಬಿಯಾ, ನಂತರ ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಅಲ್ಲಿ ಗುರು ಚಾರ್ಲ್ಸ್ ಮಿಸ್ನರ್. ಕಪ್ಪುಕುಳಿ ಎಂಬ ಹೆಸರೇ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಜಾನ್ ವೀಲರ್ ಅದನ್ನು ಬಳಕೆಗೆ ತಂದದ್ದು 1967ರಲ್ಲಿ.

ವಿಶ್ವೇಶ್ವರ ಅವರ ಮುಂದಿದ್ದ ಪ್ರಶ್ನೆ ಸರಳವಾಗಿ ಹೀಗಿತ್ತು. ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಏನಾಗುತ್ತದೆ? ಅಲುಗಾಟ ಬೆಳೆಯುತ್ತ ಹೋದರೆ ಅದು ಒಡೆದುಹೋಗುತ್ತದೆ, ಅಂಥದ್ದು ಪ್ರಕೃತಿಯಲ್ಲಿ ಉಳಿಯಲಾರದು. ಅಲುಗಾಟ ಅಡಗಿದರೆ ಅದು ಬಾಳಬಲ್ಲದು. 1957ರಲ್ಲಿ ರೆಜೆ ಮತ್ತು ವೀಲರ್ ಈ ಲೆಕ್ಕ ಶುರುಮಾಡಿದ್ದರು, ಆದರೆ ಮೇಲ್ಮೈಯ ಹತ್ತಿರ ಅವರ ಅಳತೆಗೋಲೇ ಕೆಟ್ಟುಹೋಗುತ್ತಿತ್ತು. ಅಲ್ಲಿ ಕೆಡದ ಹೊಸ ನಿರ್ದೇಶಾಂಕಗಳನ್ನು ಬಳಸಿ ವಿಶ್ವೇಶ್ವರ ಲೆಕ್ಕ ಮುಗಿಸಿದರು. ಕಪ್ಪುಕುಳಿ ಸ್ಥಿರ ಎಂದು ತೋರಿಸಿದ ಆ ಪ್ರಬಂಧ 1970ರಲ್ಲಿ ಬಂತು. ಅದಕ್ಕೂ ಮೊದಲು, 1968ರ ಇನ್ನೊಂದು ಪ್ರಬಂಧದಲ್ಲಿ, ತಿರುಗುವ ಕಪ್ಪುಕುಳಿಯಲ್ಲಿ ಯಾವುದೂ ಅಲುಗದೆ ನಿಲ್ಲಲಾರದ ಎಲ್ಲೆಯೇ ಬೇರೆ, ಯಾವುದೂ ಹೊರಬರಲಾರದ ಎಲ್ಲೆಯೇ ಬೇರೆ ಎಂದು ಬಿಡಿಸಿ ಹೇಳಿದ್ದರು.

ಅವರಿಗೆ ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ಕಪ್ಪುಕುಳಿ ಇದ್ದರೆ ಅದು ಇದೆ ಎಂದು ಗೊತ್ತಾಗುವುದು ಹೇಗೆ? ಬೆಳಕು ಹೊರಬರುವುದಿಲ್ಲ. ಹಾಗಾದರೆ ಅದರ ಮೇಲೆ ಗುರುತ್ವದ ಅಲೆಯೊಂದನ್ನು ಬಿಟ್ಟು, ಚದುರಿ ಬಂದದ್ದನ್ನು ನೋಡೋಣ ಎಂದು ಹೊರಟರು. ಇದು ಕಂಪ್ಯೂಟರಿನೊಳಗೆ ನಡೆದ ಪ್ರಯೋಗ. ಮೊದಲು ಅಗಲವಾದ ಅಲೆಗಳನ್ನು ಕಳಿಸಿದರು. ಅವು ಹೋದಂತೆಯೇ ಬಂದವು, ಅವುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಲೆಯ ಅಗಲವನ್ನು ಕಿರಿದು ಮಾಡುತ್ತ ಹೋದರು. ಅಗಲ ಕಪ್ಪುಕುಳಿಯ ಗಾತ್ರದ ಹತ್ತಿರಕ್ಕೆ ಇಳಿದಾಗ, ಮರಳಿ ಬಂದ ಅಲೆಯ ಬಾಲದಲ್ಲಿ ಬೇರೆಯದೇ ಒಂದು ಏರಿಳಿತ ಕಾಣಿಸಿತು. ಕ್ರಮವಾಗಿ ಏಳುತ್ತ, ಬೀಳುತ್ತ, ಬೇಗನೆ ಕುಗ್ಗುತ್ತ ಹೋಗುವ ಏರಿಳಿತ. ಕಳಿಸಿದ ಅಲೆ ಯಾವ ಬಗೆಯದಾದರೂ ಈ ಬಾಲ ಮಾತ್ರ ಒಂದೇ. ಗುಡಿಯ ಗಂಟೆಯನ್ನು ಯಾರು ಹೇಗೆ ಹೊಡೆದರೂ ಗಂಟೆ ತನ್ನದೇ ಸ್ವರದಲ್ಲಿ ನುಡಿಯುವಂತೆ, ಕಪ್ಪುಕುಳಿಯೂ ತನ್ನ ರಾಶಿ ಮತ್ತು ತಿರುಗಾಟಕ್ಕೆ ತಕ್ಕ ಸ್ವರದಲ್ಲಿ ನುಡಿದು ಅಡಗುತ್ತದೆ. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪುಟ್ಟ ಲೇಖನ ಇದನ್ನು ಹೇಳಿತು. ಆಗ ಅವರಿಗೆ 32 ವರ್ಷ. ಐದು ವರ್ಷದ ನಂತರ ಚಂದ್ರಶೇಖರ್ ಕೂಡ ಸ್ಟೀವನ್ ಡೆಟ್‌ವೈಲರ್ ಜೊತೆ ಇದೇ ಸ್ವರಗಳ ಲೆಕ್ಕಕ್ಕೆ ಇಳಿದರು.

1976ರಲ್ಲಿ ವಿಶ್ವೇಶ್ವರ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಉಪನ್ಯಾಸಗಳಿಗೆ ತಾವೇ ಕಾರ್ಟೂನ್ ಬರೆಯುತ್ತಿದ್ದರು. 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಆರಂಭವಾದಾಗ ಅದರ ಸ್ಥಾಪಕ ನಿರ್ದೇಶಕರಾದರು, ಪ್ರದರ್ಶನಗಳ ಕಥನವನ್ನು ತಾವೇ ಹೆಣೆದರು. ಜಗತ್ತು ಕಪ್ಪುಕುಳಿಯ ತಜ್ಞನೆಂದು ಗುರುತಿಸಿದ ಮನುಷ್ಯ ಶಾಲಾ ಮಕ್ಕಳಿಗೆ ನಕ್ಷತ್ರ ತೋರಿಸುವ ಕೆಲಸವನ್ನು ಸಣ್ಣದೆಂದು ಎಣಿಸಲಿಲ್ಲ. ಅವರ ಸಂಶೋಧನೆಯಷ್ಟೇ ಗೌರವ ಈ ಕೆಲಸಕ್ಕೂ ಸಲ್ಲಬೇಕು. ಗಡಿಯಾಚೆಯ ಹೊಸೂರು ಸೀಮೆಯ ಕನ್ನಡ ಶಾಲೆಗಳಿಗೆ ಆ ತಾರಾಲಯ ಒಂದು ಬಸ್ಸಿನ ದೂರ.

ರಾಮನ್ ಸಂಸ್ಥೆಯಲ್ಲೇ ಅವರ ಜೊತೆಗೂಡಿದ ಬಾಲಾ ಅಯ್ಯರ್ ಬೇರೆ ತುದಿಯಿಂದ ಕೆಲಸ ಹಿಡಿದರು. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗುವಾಗ ಹೊಮ್ಮುವ ಅಲೆಯ ಆಕಾರ ಹೇಗಿರುತ್ತದೆ? ಫ್ರಾನ್ಸಿನ ಲುಕ್ ಬ್ಲಾಂಶೆ, ತಿಬೋ ದಾಮೂರ್ ಮತ್ತಿತರರೊಂದಿಗೆ ಅಯ್ಯರ್ ದಶಕಗಟ್ಟಲೆ ಆ ಲೆಕ್ಕವನ್ನು ಹಂತ ಹಂತವಾಗಿ ಸೂಕ್ಷ್ಮಗೊಳಿಸಿದರು. ಗದ್ದಲದಲ್ಲಿ ಹೂತ ಅಲೆಯನ್ನು ಹುಡುಕುವ ವಿಧಾನವನ್ನು ಪುಣೆಯಲ್ಲಿ ಸಂಜೀವ್ ಧುರಂಧರ್ ಮತ್ತು ಬಿ. ಎಸ್. ಸತ್ಯಪ್ರಕಾಶ್ 1990ರ ದಶಕದ ಆರಂಭದಲ್ಲಿ ಬೆಳೆಸಿದರು. ಆಗ ಇಂಥ ಅಲೆಯನ್ನು ಕೇಳಬಲ್ಲ ಯಂತ್ರ ಜಗತ್ತಿನಲ್ಲಿ ಒಂದೂ ಇರಲಿಲ್ಲ.

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಎರಡು ಲೈಗೋ ಯಂತ್ರಗಳಲ್ಲಿ ಅಂಥ ಅಲೆ ದಾಖಲಾಯಿತು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ಭಾರದ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾಗಿ, 62 ಸೂರ್ಯರ ಭಾರದ ಒಂದು ಕಪ್ಪುಕುಳಿ ಉಳಿದಿತ್ತು. ಕಾಣೆಯಾದ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೋಗಿತ್ತು. ನಾಲ್ಕು ಕಿಲೋಮೀಟರ್ ಉದ್ದದ ಲೈಗೋ ತೋಳು ಅಲುಗಿದ್ದು ಒಂದು ಪ್ರೋಟಾನಿನ ವ್ಯಾಸದ ನೂರಾರು ಪಾಲಿನಲ್ಲಿ ಒಂದು ಪಾಲು. ಸಂಕೇತ ನಡೆದದ್ದು ಒಂದು ಸೆಕೆಂಡಿನ ಐದನೇ ಒಂದು ಭಾಗ. ಅದರ ಕೊನೆಯಲ್ಲಿ, ಕೆಲವೇ ಮಿಲಿಸೆಕೆಂಡುಗಳ ಕಾಲ, 45 ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಕಂಡಿದ್ದ ಆ ಬಾಲವಿತ್ತು.

2016ರ ಫೆಬ್ರುವರಿ 11ರಂದು ಸುದ್ದಿ ಹೊರಬಿತ್ತು. ಮೂಲ ಪ್ರಬಂಧದ ಉಲ್ಲೇಖಗಳಲ್ಲಿ ವಿಶ್ವೇಶ್ವರ ಅವರ 1970ರ ಲೇಖನವೂ ಇತ್ತು. ಅದನ್ನು ನೋಡಲು ಅವರು ಇದ್ದರು. 2017ರ ಜನವರಿ 16ರಂದು ತೀರಿಕೊಂಡರು.

ಆ ಸಂಕೇತವನ್ನು ಐನ್‌ಸ್ಟೈನ್ ಸಮೀಕರಣಗಳಿಗೆ ಒರೆಹಚ್ಚಿದ ಪರೀಕ್ಷೆಗಳಲ್ಲಿ ಒಂದು ರೂಪುಗೊಂಡದ್ದು ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ, ಪರಮೇಶ್ವರನ್ ಅಜಿತ್ ಅವರ ತಂಡದಲ್ಲಿ. ಅಲೆಯ ಮೊದಲ ಭಾಗವನ್ನಷ್ಟೇ ನೋಡಿ ಕೊನೆಗೆ ಉಳಿಯುವ ಕಪ್ಪುಕುಳಿಯ ರಾಶಿ ಮತ್ತು ತಿರುಗಾಟವನ್ನು ಲೆಕ್ಕ ಹಾಕುವುದು. ಕೊನೆಯ ಭಾಗವನ್ನಷ್ಟೇ ನೋಡಿ ಅದನ್ನೇ ಮತ್ತೆ ಲೆಕ್ಕ ಹಾಕುವುದು. ಎರಡೂ ತಾಳೆಯಾಗದಿದ್ದರೆ ಸಿದ್ಧಾಂತಕ್ಕೆ ಕುತ್ತು. ತಾಳೆಯಾದವು.

2025ರ ಜನವರಿ 14ರಂದು ಇನ್ನೂ ಬಹಳ ಸ್ಪಷ್ಟವಾದ ಅಲೆ ಬಂತು. ಹತ್ತು ವರ್ಷಗಳಲ್ಲಿ ಯಂತ್ರಗಳ ಕಿವಿ ಎಷ್ಟು ಚುರುಕಾಗಿದೆಯೆಂದರೆ, ಈ ಸಲ ಬಾಲದಲ್ಲಿ ಒಂದಲ್ಲ, ಎರಡು ಸ್ವರಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ತಿರುಗುವ ಕಪ್ಪುಕುಳಿಗೆ ಗಣಿತ ಹೇಳಿದ್ದ ಸ್ವರಗಳೇ ಅವು. ಕೂಡಿಕೊಂಡ ಮೇಲೆ ಕಪ್ಪುಕುಳಿಯ ಮೇಲ್ಮೈ ವಿಸ್ತೀರ್ಣ ಎಂದೂ ಕುಗ್ಗುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ ಮಾತನ್ನೂ ಇದೇ ಅಲೆ ಪರೀಕ್ಷಿಸಿತು. ಮೊದಲಿದ್ದ ಎರಡರ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್. ಉಳಿದ ಒಂದರದು ಸುಮಾರು 4,00,000, ಎರಡು ಕರ್ನಾಟಕಗಳಿಗಿಂತ ತುಸು ಹೆಚ್ಚು.

ಭಾರತದ ಲೈಗೋ ಮಹಾರಾಷ್ಟ್ರದ ಹಿಂಗೋಳಿ ಜಿಲ್ಲೆಯ ಔಂಢಾದಲ್ಲಿ ಬರಲಿದೆ. ಕೇಂದ್ರ ಸಂಪುಟ ಅದರ ನಿರ್ಮಾಣಕ್ಕೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಮೆರಿಕದ ಯಂತ್ರಗಳಿಗೂ ಔಂಢಾದ ಯಂತ್ರಕ್ಕೂ ಅಲೆ ಮುಟ್ಟುವ ಹೊತ್ತಿನಲ್ಲಿ ಮಿಲಿಸೆಕೆಂಡುಗಳ ಅಂತರವಿರುತ್ತದೆ. ಆ ಅಂತರದಿಂದ ಅಲೆ ಆಕಾಶದ ಯಾವ ಮೂಲೆಯಿಂದ ಬಂತೆಂದು ಈಗಿನದಕ್ಕಿಂತ ನಿಖರವಾಗಿ ಗುರುತಿಸಬಹುದು, ದೂರದರ್ಶಕಗಳನ್ನು ಕೂಡಲೇ ಆ ಕಡೆಗೆ ತಿರುಗಿಸಬಹುದು.